ಬನಹಟ್ಟಿಯ ಹುಲಿಗಿವಿ

ಇದರಾಗಿನ ಒಂದೊಂದು ಮಾತೂ ಖರೆ, ಬೇಕಾದರೆ ಮಗ್ಗ ಮುಟ್ಟಿ ಆಣೆ ಮಾಡತೇನಿ. ಬನಹಟ್ಟಿಯೊಳಗ ನನ್ನಂಥ ಕಿವಿ ಇನ್ನೊಬ್ಬರಿಗಿಲ್ಲ. ಸೀರಿ ಜಲ್ದಿ ಜಲ್ದಿ ಬರಲಿ ಅಂತ ಮಾಲಕರು ಒಂದೇ ಶೆಡ್ಡಿನಾಗ ಪಾವರ್‌ಲೂಮ್ ತುಂಬಿಸ್ಯಾರ. ಆ ಖಟಖಟದಾಗ ಗುಡುಗೂ ಕೇಳೂದಿಲ್ಲ. ನಾನು ಮಾತ್ರ ಆಚೆ ತುದಿಯವನ ತುಟಿ ನೋಡೇ ಅವನ ಮನಿ ಜಗಳ ಪೂರಾ ತಿಳಕೋತೇನಿ.

“ಬೆನ್ನ ಹಿಂದಿಂದ ಕರದ್ರ ಓ ಅನ್ನೂದಿಲ್ಲ, ಕಿವಿ ಹೊಂಟಾವು” ಅಂತ ನಮ್ಮಾಕಿ ನನ್ನನ್ನ ಜಮಖಂಡಿ ದವಾಖಾನಿಗೆ ಎಳಕೊಂಡು ಹೋದಳು. ಡಾಕ್ಟರ್ ಮೇಡಮ್ ಕೇಳಿದ್ದಕ್ಕೆಲ್ಲ ಫಟಾಫಟ್ ಉತ್ತರ ಕೊಟ್ಟೆ.

“ಕಾಕಾ, ಕಿವಿ ಛಲೋ ಅದಾವಲ್ರೀ!”

ನಾನು ನಮ್ಮಾಕಿ ಕಡೆ ನೋಡಿ ಮೀಸಿ ತಿರುವಿದೆ.

ಆಕಿನೂ ನೇಕಾರರ ಮಗಳು. “ಮೇಡಮ್, ಮಾಸ್ಕ್ ಹಾಕ್ಕೊಂಡು ಕೇಳ್ರಿ” ಅಂದಳು.

ಮೇಡಮ್ ಮಾಸ್ಕ್ ಹಾಕಿಕೊಂಡರು. ಬಹಳ ಹೊತ್ತು ಮಾತಾಡಿದರು. “ಇಂಥಾ ಕಿವಿ ಜಿಲ್ಲಾದಾಗೇ ಇಲ್ಲ” ಅಂತ ಹೊಗಳಿದರು. ನಮ್ಮಾಕಿ ಕಣ್ಣು ಒರೆಸಿಕೊಂಡಳು, ಹೆಮ್ಮೆಗೇ ಇರಬೇಕು.

ಈಗ ದಿನಾ ನಾನು ಶೆಡ್ಡಿಗೆ ಹೊರಡೂ ಮೊದಲು ಆಕಿ ಡಾಕ್ಟರ್ ಕೊಟ್ಟ ರಬ್ಬರ್ ಬಿರಡಿಗಳನ್ನ ತನ್ನ ಕೈಯಾರೆ ನನ್ನ ಕಿವಿಗೆ ತುರುಕಿ ಕಳಸತಾಳ. ಇಂಥಾ ಮಾಲು ಜೋಪಾನ ಮಾಡಬೇಕಲ್ಲ!

ಎಲ್ಲಾ ಖರೆ. ಮಾಸ್ಕಿನ ಹಿಂದಿನ ಆ ಹೊಗಳಿಕೆ ಒಂದನ್ನ ಮಾತ್ರ ನಾನೇ ಕಟ್ಟಿ ಹೇಳೇನಿ. ಮೇಡಮ್ ಏನಂದರೋ, ನನಗ ಕೇಳಲೇ ಇಲ್ಲ.