ಬೂದಗುಂಪ ಕ್ರಾಸ್ ದಾಟಿದ ಮೇಲೆ

ಸಾಯುತ್ತೇನೆ ಎಂದು ನಾನು ಒಬ್ಬ ಹುಡುಗಿಗೆ ಸುಳ್ಳು ಹೇಳಿದೆ. ಅವಳು ಅದನ್ನು ನಂಬಿ, ತನ್ನ ಡಿಗ್ರಿಯ ಕೊನೆಯ ಪರೀಕ್ಷೆ ಬಿಟ್ಟು ನನ್ನ ಹತ್ತಿರ ಓಡಿಬಂದಳು. ಒಂದು ಜೀವ ಉಳಿಸಿದೆ ಎಂದು ಇವತ್ತಿಗೂ ತಿಳಿದಿದ್ದಾಳೆ. ಆ ದಿನ ನನಗೆ ಸಾಯುವ ಯೋಚನೆಯೇ ಇರಲಿಲ್ಲ — ಎದ್ದು ಉಪ್ಪಿಟ್ಟು ಮಾಡಿಕೊಂಡು, ತಿಂದು, ತಟ್ಟೆ ತೊಳೆದಿಟ್ಟು, ಆಮೇಲೆ ಫೋನ್ ಮಾಡಿದ್ದೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದೆ. ಹೆಚ್ಚಿನ ಕಾಲ ಗಂಗಾವತಿ–ಕೊಪ್ಪಳ ನಡುವೆಯೇ. ನಮಗೆ ಮಕ್ಕಳಾಗಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಇಡೀ ದಿನ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುತ್ತಿದ್ದವನಿಗೆ, ಒಮ್ಮೊಮ್ಮೆ ಸಂಜೆ ತನ್ನ ದನಿ ಹೇಗಿದೆ ಎಂದು ಕೆಮ್ಮಿ ನೋಡಿಕೊಳ್ಳುವ ಹಾಗಾಯಿತು. ವೃದ್ಧರು ಹಗಲು ಹೊತ್ತು ಕೂರುವ ಒಂದು ಕೇಂದ್ರ ನಮ್ಮ ಓಣಿಯ ಆಚೆಗಿತ್ತು. ಅಲ್ಲಿಗೆ ಹೋಗತೊಡಗಿದೆ. ಅಲ್ಲಿಯೂ ಎಲ್ಲರಿಗೂ ಅವರವರ ಮಕ್ಕಳ ಮಾತೇ. ನನಗೆ ಹೇಳಲು ಅಂಥದ್ದೇನೂ —

ರಮೀಜಾ ಅಲ್ಲಿಗೆ ಬಂದಳು. ಕೊಪ್ಪಳದ ಹಾಸ್ಟೆಲ್ಲಿನಲ್ಲಿದ್ದು ಬಿ.ಎ. ಮನಃಶಾಸ್ತ್ರ ಓದುತ್ತಿದ್ದ ಹುಡುಗಿ. ಕುಷ್ಟಗಿಯವಳು, ತಂದೆಯದು ಹತ್ತಿ ಹಿಂಜಿ ಗಾದಿ ಹೊಲಿಯುವ ಅಂಗಡಿ. ಅವರ ಓದಿನಲ್ಲಿ ಜನಸೇವೆಯದೂ ಒಂದು ಭಾಗ. ಪುಸ್ತಕದಲ್ಲಿ ಓದಿದ್ದನ್ನು ಜನರ ನಡುವೆ ಕೂತು ಕಲಿಯಬೇಕಿತ್ತು. ಒಬ್ಬೊಬ್ಬ ವಿದ್ಯಾರ್ಥಿ ಒಬ್ಬೊಬ್ಬ ಹಿರಿಯರನ್ನು ಎಂಟು ಶನಿವಾರ ಭೇಟಿಯಾಗಿ, ಅವರ ಮಾತು ಕೇಳಿ, ರೆಕಾರ್ಡ್ ಬರೆಯಬೇಕು. ಅವಳ ಪಾಲಿಗೆ ನಾನು ಬಂದೆ.

ಮೊದಲ ದಿನ, "ಅಜ್ಜಾ, ನಿಮ್ಮ ಬಗ್ಗೆ ಏನರ ಹೇಳ್ರಿ" ಎಂದಳು.

"ಚಿಲ್ಲರಿ ಕೊಡು, ಹೇಳ್ತೀನಿ" ಎಂದೆ, ಕಂಡಕ್ಟರನ ಹಳೆಯ ಗತ್ತಿನಲ್ಲಿ.

"ಚಿಲ್ಲರಿ ಇಲ್ರಿ. ಟಿಕೀಟಿನ ಹಿಂದ ಬರಕೊಡ್ರಿ, ಇಳಿಯೂಮುಂದ ಇಸ್ಕೊಳ್ರಿ."

ಎಷ್ಟೋ ತಿಂಗಳ ಮೇಲೆ ಗಟ್ಟಿಯಾಗಿ ನಕ್ಕೆ.

ಅವಳು ಕೇಳುತ್ತಿದ್ದ ರೀತಿಯೇ ಬೇರೆ. ನಾನು ಹೇಳಿದ್ದನ್ನು ಮುಂದಿನ ವಾರ ನೆನಪಿಟ್ಟುಕೊಂಡು ಬಂದು, "ಅವತ್ತ ಅಜ್ಜಿ ಸಿಟ್ಟಿಲೆ ಮಾತ ಬಿಟ್ಟಿದ್ರು ಅಂದ್ರಿ, ಆಮ್ಯಾಲೆ ಮೊದಲ ಯಾರು ಮಾತಾಡಿದ್ರಿ?" ಎಂದು ಕೇಳುತ್ತಿದ್ದಳು. ನನ್ನ ಹೆಂಡತಿಯ ವಿಷಯ ಬೇರೆ ಯಾರೂ ಹಾಗೆ ಕೇಳಿರಲಿಲ್ಲ. ನಾನೇ ಕೇಳಿಕೊಂಡಿರಲಿಲ್ಲ.

ಐದನೆಯ ವಾರದಿಂದ ಅವಳು ಇನ್ನೊಂದು ಮಾತು ಶುರುಮಾಡಿದಳು — "ಅಜ್ಜಾ, ಇನ್ನ ಮೂರ ವಾರ." ಆಮೇಲೆ, ಇನ್ನು ಎರಡು. ಆಮೇಲೆ, ಇನ್ನು ಒಂದು. ಹಾಗೆ ಮೊದಲೇ ಹೇಳುತ್ತಾ ಬರಬೇಕಂತೆ. ಒಮ್ಮೆಲೇ ಎದ್ದು ಹೋದರೆ ಒಂಟಿಯಾಗಿರುವವರಿಗೆ ಪೆಟ್ಟು ಬೀಳುತ್ತದೆ ಎಂದು ಅವರ ಮೇಡಂ ಕಲಿಸಿದ್ದರಂತೆ. ಅವಳು ಮಾಡಿದ್ದು ಸರಿಯೇ. ಆದರೆ ಶನಿವಾರದ ಸಂಜೆ ಅವಳು ಹೋದ ಮೇಲೆ ಆ ಲೆಕ್ಕವೊಂದೇ ನನ್ನ ಕೋಣೆಯಲ್ಲಿ ಉಳಿಯುತ್ತಿತ್ತು.

ವಿದ್ಯಾರ್ಥಿಗಳು ತಮ್ಮ ಸ್ವಂತ ಫೋನ್ ನಂಬರ್ ಕೊಡಬಾರದೆಂಬ ನಿಯಮವೂ ಇತ್ತು. ಏಳನೆಯ ವಾರ ನಾನು ಜ್ವರದಿಂದ ಮಲಗಿದ್ದೆನೆಂದು ಅವಳು ನನ್ನ ಕೋಣೆಗೇ ಬಂದಳು. ಆಗ, ಬಹಳ ತ್ರಾಸಾದರೆ ಮಾತ್ರ ಎಂದು ಹೇಳಿ, ಒಂದು ಚೀಟಿಯಲ್ಲಿ ನಂಬರ್ ಬರೆದುಕೊಟ್ಟಳು. ಯಾರಿಗೂ ಹೇಳಬೇಡಿ ಎಂದೂ ಬೇಡಿಕೊಂಡಳು.

ಎಂಟು ಶನಿವಾರ ಮುಗಿದವು. ಮೊಣಕಾಲು ನೋವೆಂದು ಒಮ್ಮೆ ಫೋನ್ ಮಾಡಿದೆ. ಡಾಕ್ಟರಿಗೆ ತೋರಿಸಿ ಎಂದಳು. ನಿದ್ದೆ ಬರುತ್ತಿಲ್ಲವೆಂದು ಇನ್ನೊಮ್ಮೆ ಮಾಡಿದೆ. ಪರೀಕ್ಷೆ ಮುಗಿಯಲಿ, ಖಂಡಿತ ಬರುತ್ತೇನೆ ಎಂದಳು. ದನಿಯಲ್ಲಿ ಅವಸರವಿತ್ತು. ಆ ಅವಸರವನ್ನು ನಾನು ಎರಡು ದಿನ ಮನಸ್ಸಿನಲ್ಲಿ ಇಟ್ಟುಕೊಂಡು ಕೆದಕುತ್ತಿದ್ದೆ.

ಆಮೇಲೆ ಆ ಮುಂಜಾನೆ. ಹಿಂದಿನ ದಿನವೆಲ್ಲ ನಾನು ಆಡಿದ್ದು ಎರಡೇ ಶಬ್ದ — ಹಾಲಿನವನಿಗೆ, "ಅರ್ಧ ಲೀಟರ್." ಎಂಟು ಗಂಟೆಗೆ ಅವಳಿಗೆ ಫೋನ್ ಮಾಡಿದೆ. "ಯವ್ವಾ, ನನಗ ಸಾಕಾಗೇತಿ. ಇವತ್ತ ನಾ ಜೀವಾ ಕಳಕೊಳ್ತೀನಿ."

ಅವಳ ದನಿ ಬಹಳ ಸಮಾಧಾನವಾಗಿ ಬಂತು. "ಅಜ್ಜಾ, ಈಗ ಎಲ್ಲಿ ಅದೀರಿ? ಮನ್ಯಾಗ? ಅಲ್ಲೇ ಕುಂದರ್ರಿ. ನಾ ಬರಾಕತ್ತೀನಿ. ಫೋನ್ ಇಡಬ್ಯಾಡ್ರಿ."

ಅವತ್ತು ಪರೀಕ್ಷೆ ಇದ್ದದ್ದು ನನಗೆ ನೆನಪಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಇಲ್ಲಿ ಅದನ್ನೂ ಬಿಡುತ್ತೇನೆ. ನೆನಪಿತ್ತು. ಅವಳು ಹೇಳಿದ್ದ ತಾರೀಖನ್ನು, ಆಶೀರ್ವಾದ ಮಾಡಬೇಕೆಂದು, ಕ್ಯಾಲೆಂಡರಿನಲ್ಲಿ ನಾನೇ ಗುರುತು ಹಾಕಿದ್ದೆ. ಹತ್ತು ಗಂಟೆಗೆ ಪೇಪರ್ ಎಂಬುದೂ ಗೊತ್ತಿತ್ತು. ಪರೀಕ್ಷೆ ಬಿಟ್ಟು ಬರುತ್ತಾಳೋ ಇಲ್ಲವೋ — ನಾನು ಅದನ್ನೇ ನೋಡಬೇಕಾಗಿತ್ತು ಅಂತ ಕಾಣುತ್ತದೆ.

ದಾರಿಯುದ್ದಕ್ಕೂ ಅವಳು ಮಾತಾಡುತ್ತಲೇ ಇದ್ದಳು. ಏನು ತಿಂದಿರಿ, ಬಾಗಿಲು ತೆಗೆದಿದೆಯಾ, ಪಕ್ಕದಲ್ಲಿ ಯಾರಿದ್ದಾರೆ. ಫೋನಿನೊಳಗೆ ಬಸ್ಸಿನ ಸದ್ದು, ಯಾವನೋ ಕಂಡಕ್ಟರ್ ಊರುಗಳ ಹೆಸರು ಕೂಗುವುದು ಕೇಳುತ್ತಿತ್ತು. ಬೂದಗುಂಪ ಕ್ರಾಸ್ ಎಂದು ಕೂಗಿದ. ಆ ರಸ್ತೆಯ ಒಂದೊಂದು ನಿಮಿಷವೂ ನನಗೆ ಗೊತ್ತು. ಅಲ್ಲಿ ಇಳಿದು ಎದುರಿನ ಬಸ್ಸು ಹಿಡಿದರೆ ಅವಳು ಹತ್ತರೊಳಗೆ ಕೊಪ್ಪಳ ಮುಟ್ಟುತ್ತಿದ್ದಳು. ಅದನ್ನು ದಾಟಿದರೆ ಇಲ್ಲ. "ನಾ ಸುಳ್ಳ ಹೇಳೀನಿ, ಇಳಿದು ಹೋಗವ್ವಾ" — ಅಷ್ಟೇ ಸಾಕಿತ್ತು. ನಾಲಿಗೆಯ ಮೇಲೆ ಬಂದಿತ್ತು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ನಾನು, "ಎಲ್ಲಿ ತನಕಾ ಬಂದಿ?" ಎಂದು ಕೇಳಿದೆ.

ಬಂದವಳು ನೀರು ಕೊಟ್ಟು, ನೆಲದ ಮೇಲೆ ಕೂತು, ಮುಚ್ಚುಮರೆಯಿಲ್ಲದೆ ಎಲ್ಲ ಕೇಳಿದಳು. ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋಗಿ, ಚೀಟಿ ಮಾಡಿಸಿ, ಮಧ್ಯಾಹ್ನದವರೆಗೆ ನನ್ನ ಜೊತೆ ಸಾಲಿನಲ್ಲಿ ಕೂತಳು. ಡಾಕ್ಟರ ಮುಂದೆಯೂ ನಾನು ಅದೇ ಸುಳ್ಳು ಹೇಳಿದೆ. ಅವರು ಕೊಟ್ಟ ಗುಳಿಗೆಗಳನ್ನು ಆಮೇಲೆ ಗಟಾರಕ್ಕೆ ಚೆಲ್ಲಿದೆ. ಕಾಲೇಜಿನಲ್ಲಿ ಅವಳು ನಿಜ ಹೇಳುವಂತಿರಲಿಲ್ಲ. ನಂಬರ್ ಕೊಟ್ಟದ್ದು ಗೊತ್ತಾಗುತ್ತಿತ್ತು. ಜ್ವರ ಬಂದಿತ್ತು ಎಂದಳಂತೆ. ನನ್ನ ದೆಸೆಯಿಂದ ಅವಳೂ ಸುಳ್ಳು ಹೇಳಬೇಕಾಯಿತು.

ಹದಿನೈದು ದಿನದ ಮೇಲೆ ಅವಳ ತಂದೆ ಬಂದರು. ಮಗಳು ನನಗೆ ನಿದ್ದೆಯಿಲ್ಲವೆಂದು ಹೇಳಿದ್ದಕ್ಕೆ, ಹೊಸ ಹತ್ತಿಯ ಗಾದಿಯೊಂದನ್ನು ಕುಷ್ಟಗಿಯಿಂದ ಬಸ್ಸಿನ ಮೇಲೆ ಹಾಕಿಕೊಂಡು ಬಂದಿದ್ದರು. ತಾವೇ ಹಾಸಿದರು. ಪೇಪರ್ ಹೋಯಿತಲ್ಲ ಎಂದು ನಾನು ಏನೋ ಗೊಣಗಿದೆ.

"ಪರೀಕ್ಷಿ ಮತ್ತ ಬರತೈತ್ರಿ ಕಾಕಾ," ಎಂದರು. "ನಿಮಗೇನರ ಆಗಿದ್ರ ನಮ್ಮ ಹುಡುಗಿ ಅದನ್ನ ಹೆಂಗ ತಡಕೊಂತಿದ್ದಳು?"

ಮರುವರ್ಷ ಪೇಪರ್ ಬರೆದು ಪಾಸಾದಳು. ಆದರೆ ಧಾರವಾಡದಲ್ಲಿ ಮುಂದೆ ಓದಬೇಕೆಂದಿದ್ದ ವರ್ಷ ಕೈತಪ್ಪಿತ್ತು. ಅಷ್ಟರಲ್ಲಿ ತಂದೆಗೆ ಹತ್ತಿಯ ಧೂಳಿನಿಂದ ಉಬ್ಬಸ ಹತ್ತಿತು. ಈಗ ಅಂಗಡಿಯಲ್ಲಿ ಅವಳೇ ಕೂರುತ್ತಾಳೆ. ಪ್ರತಿ ಶನಿವಾರ ನನಗೆ ಫೋನ್ ಮಾಡುತ್ತಾಳೆ. ನಾಲ್ಕು ವರ್ಷದಿಂದ ಒಂದು ವಾರವೂ ತಪ್ಪಿಸಿಲ್ಲ. ನಾನು ಬಯಸಿದ್ದು ನನಗೆ ಸಿಕ್ಕಿತು. ಆ ದನಿ ಕೇಳುವಾಗ ನಾನು ಮೊದಲಿಗಿಂತ ಹೆಚ್ಚು ಒಂಟಿ — ಅವಳು ಮಾತಾಡುವುದು ಅವತ್ತು ಸಾಯಹೊರಟಿದ್ದ ಒಬ್ಬ ಮುದುಕನ ಜೊತೆ. ಅವನು ನಾನಲ್ಲ.

ಹೋದ ತಿಂಗಳು ಹೇಳಿದಳು: "ಆ ಪೇಪರ್ ಹೋಗಿದ್ದಕ್ಕ ನನಗ ಬ್ಯಾಸರ ಇಲ್ರಿ ಅಜ್ಜಾ. ನೀವು ಅದೀರಲ್ಲ."

ರಮೀಜಾ, ಅದಕ್ಕೇ ಇದನ್ನು ಬರೆದೆ. ನಿಜ ತಿಳಿದರೆ ನಿನಗೆ ಉಳಿದಿರುವ ಆ ಒಂದು ಸಮಾಧಾನವೂ ಹೋಗುತ್ತದೆಂದು ಸುಮ್ಮನಿದ್ದೆ. ಅದು ನಿನ್ನ ಮೇಲಿನ ಕನಿಕರವಲ್ಲ, ಶನಿವಾರದ ಫೋನಿನ ಆಸೆ. ಕ್ಷಮಿಸು ಎನ್ನುವುದಿಲ್ಲ. ಒಂದೇ ಮಾತು. ಮುಂದೆ ಯಾರಾದರೂ ನಿನಗೆ ಆ ಮಾತು ಹೇಳಿದರೆ, ನನ್ನನ್ನು ನೆನೆಸಿಕೊಂಡು ಅನುಮಾನಪಡಬೇಡ. ನಂಬು. ಹೋಗು. ಅವತ್ತು ನೀನು ಮಾಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ನಾಳೆ ಕುಷ್ಟಗಿಗೆ ಬಂದು ಈ ಕಾಗದ ನಿನ್ನ ಕೈಯಲ್ಲಿ ಕೊಡುತ್ತೇನೆ. ಓದಿ ಮುಗಿಸುವವರೆಗೆ ಅಂಗಡಿಯ ಮುಂದೆ ನಿಂತಿರುತ್ತೇನೆ. ಬಯ್ದರೆ ಕೇಳುತ್ತೇನೆ. ಮಾತಾಡದೆ ಒಳಗೆ ಹೋದರೆ, ತಿರುಗಿ ಬಸ್ಸು ಹತ್ತುತ್ತೇನೆ. ಊರಿಗೆ ಬಂದು ನಿನಗೆ ಫೋನ್ ಮಾಡುವುದಿಲ್ಲ.