ಸ್ವೀಡನ್ನಿನವರು ಎಲೆ ಎತ್ತಿದ್ದು

ನಾನು ಬಿ.ಎ. ಪಾಸಾದಾಗ ನಮ್ಮ ವಂಶದಲ್ಲಿ ಹೈಸ್ಕೂಲು ಮುಗಿಸಿದವರೂ ಇರಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಅಪ್ಪ ನಂಜನಗೂಡಿನ ಒಂದು ರೈಸ್ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದರು. ಅವ್ವ ಅದೇ ಮಿಲ್ಲಿನ ಅಂಗಳದಲ್ಲಿ ಭತ್ತ ಒಣಗಿಸುತ್ತಿದ್ದಳು. ಬೆಳಗಿನ ರೈಲಿನಲ್ಲಿ ಮೈಸೂರಿಗೆ ಹೋಗಿ, ಸಂಜೆ ರೈಲಿನಲ್ಲಿ ಬಂದು, ದೀಪದ ಬುಡದಲ್ಲಿ ಓದಿ ಗಿಟ್ಟಿಸಿದ ಡಿಗ್ರಿ ಅದು. ಫಲಿತಾಂಶ ಬಂದ ದಿನ ಅಪ್ಪ ಮಿಲ್ಲಿನವರಿಗೆಲ್ಲ ಖಾರಾಬೂಂದಿ ಹಂಚಿ, "ನನ್ ಮಗೀಗೆ ಇಂಗ್ಲಿಷು ನೀರು ಕುಡ್ದಂಗೆ" ಅಂದುಬಿಟ್ಟರು. ಆ ಮಾತು ಹೇಗೋ ನಮ್ಮ ಚರ್ಚಿನ ಅಯ್ಯನವರ ಕಿವಿಗೆ ಬಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅಯ್ಯನವರು ಒಂದು ಸಂಜೆ ಮನೆಗೇ ಬಂದರು.

"ಸ್ವೀಡನ್ ದೇಶದಿಂದ ಒಂದಷ್ಟು ಹುಡುಗ್ರು ಹುಡುಗೀರು ಬರ್ತಾ ಇದಾರಮ್ಮ. ಮಿಷನ್ ಸೇವೆಗೆ ಅಂತ. ನರಸೀಪುರದ ಆಚೆ, ಮುಡುಕುತೊರೆ ರಸ್ತೇಲಿ ನಮ್ಮದೊಂದು ಸಣ್ಣ ಡಿಸ್ಪೆನ್ಸರಿ ಇದೆಯಲ್ಲ, ಅದಕ್ಕೆ ಹೆರಿಗೆ ಕೋಣೆ ಕಟ್ಟಿಕೊಡ್ತಾರಂತೆ. ಅವರ ಜೊತೆ ಇದ್ದು ಮಾತು ತಿಳಿಸೋಕೆ ಒಬ್ಬರು ಬೇಕು."

"ಮೇಸ್ತ್ರಿ ಕೆಲಸ ಅವರಿಗೆ ಬರ್ತದಾ ಅಯ್ಯನೋರೆ?" ಅಂತ ಅಪ್ಪ ಕೇಳಿದರು.

"ಬರಲ್ಲ. ಇಟ್ಟಿಗೆ ಹೊರ್ತಾರೆ."

ಮೂಟೆ ಹೊತ್ತು ಬೆನ್ನು ಬಾಗಿದ್ದ ಅಪ್ಪನಿಗೆ ಇದು ಅರ್ಥವೇ ಆಗಲಿಲ್ಲ. ಹೊರುವ ಕೆಲಸಕ್ಕೆ ಹಡಗು, ವಿಮಾನ ಹತ್ತಿ ಬರುವುದೇ? ಆದರೂ ಮಗಳ ಇಂಗ್ಲಿಷಿಗೆ ಒಂದು ಕೆಲಸ ಸಿಕ್ಕಿತಲ್ಲ ಅಂತ ಒಪ್ಪಿದರು. ನಾನು ಟ್ರಂಕು ತುಂಬಿಕೊಂಡು ನರಸೀಪುರದ ಬಸ್ಸು ಹತ್ತಿದೆ.

ನನಗೆ ಒಳಗೊಳಗೇ ಭಯ. ಓದಿದ ಇಂಗ್ಲಿಷು ಬೇರೆ, ಬಿಳಿಯರ ಬಾಯಿಂದ ಬರುವ ಇಂಗ್ಲಿಷು ಬೇರೆ. ಆದರೆ ಅವರು ಬಾಯಿ ತೆರೆದ ಮೇಲೆ ನನ್ನ ಎದೆ ಹಗುರಾಯಿತು. ಅವರಿಗೂ ಅದು ಶಾಲೆಯಲ್ಲಿ ಕಲಿತ ಭಾಷೆಯೇ. ಅವರೂ ನನ್ನ ಹಾಗೆ ಮೊದಲು ತಲೆಯಲ್ಲಿ ಜೋಡಿಸಿಕೊಂಡು, ಆಮೇಲೆ ಮಾತಾಡುವವರು. ಅವರಲ್ಲಿ ಒಬ್ಬಳು ನರ್ಸ್ ಹುಡುಗಿ, ನನ್ನದೇ ವಯಸ್ಸು, ಮುಖದ ತುಂಬ ಚುಕ್ಕೆ, ನನ್ನ ಪಕ್ಕದ ಚಾಪೆ ಹಿಡಿದಳು. ಇನ್ನೊಬ್ಬ ಎಷ್ಟು ಉದ್ದ ಇದ್ದನೆಂದರೆ ಡಿಸ್ಪೆನ್ಸರಿಯ ಬಾಗಿಲಲ್ಲಿ ದಿನಕ್ಕೊಮ್ಮೆಯಾದರೂ ಹಣೆ ಬಡಿಸಿಕೊಳ್ಳುತ್ತಿದ್ದ.

ಹಳ್ಳಿಯವರು ಬೆಳಗಾದರೆ ನೋಡಲು ಬಂದು ಸಾಲಾಗಿ ಕೂರುವರು.

"ಇವ್ರಿಗೆ ಕೂಲಿ ಎಷ್ಟಂತವ್ವ?"

"ಕೂಲಿ ಇಲ್ಲ. ಅವರೇ ಸ್ವಂತ ಖರ್ಚಲ್ಲಿ ಬಂದವರೆ."

"ಕಾಸು ಕೊಟ್ಟು ಇಟ್ಗೆ ಒರಾಕಾ? ಅವ್ರಪ್ಪ ಅವ್ವ ಸುಮ್ಕೆ ಬುಟ್ರಾ?"

ಉದ್ದದ ಹುಡುಗ ನನ್ನ ಕಡೆ ತಿರುಗಿ ಏನೆಂದು ಕೇಳಿದ. ನಿಮ್ಮ ತಂದೆತಾಯಿಯ ಯೋಗಕ್ಷೇಮ ವಿಚಾರಿಸುತ್ತಿದ್ದಾರೆ ಅಂದೆ. ಅವನು ಕೈಮುಗಿದ. ದಿನವೆಲ್ಲ ಹೀಗೇ ನಡೆಯುತ್ತಿತ್ತು.

ಸಂಜೆ ಅವರೆಲ್ಲ ವೃತ್ತವಾಗಿ ಕೂತು, ಈ ದಿನ ದೇವರು ನನಗೆ ಏನು ಕಲಿಸಿದ ಅಂತ ಒಬ್ಬೊಬ್ಬರೇ ಹೇಳುತ್ತಿದ್ದರು. ನಮ್ಮ ಚರ್ಚಿನಲ್ಲಿ ಅಯ್ಯನವರು ಮಾತಾಡುವುದು, ನಾವು ಆಮೆನ್ ಅನ್ನುವುದು, ಅಷ್ಟೇ ರೂಢಿ. ನನ್ನ ಸರದಿ ಬಂದರೆ, ನಾನು ಬರೀ ಮಾತು ತಿಳಿಸೋಳು ಅಂತ ತಪ್ಪಿಸಿಕೊಳ್ಳುತ್ತಿದ್ದೆ.

ಗೋಡೆ ಸೊಂಟದ ಮಟ್ಟಕ್ಕೆ ಎದ್ದಿತ್ತು. ಕಟ್ಟಡಕ್ಕೆ ನೀರು ಬರುತ್ತಿದ್ದದ್ದು ಪಕ್ಕದ ಗೌಡರ ಮನೆಯ ಬಾವಿಯಿಂದ. ಆ ಮನೆಯ ಯಜಮಾನಿಕೆಯೆಲ್ಲ ಗೌಡರ ತಾಯಿಯದು. ಊರಿಗೆಲ್ಲ ಅವರು ದೊಡ್ಡವ್ವ. ತೆಳ್ಳಗೆ, ನೇರವಾಗಿ, ಎಲೆಅಡಿಕೆ ಹಾಕಿ ಕೆಂಪಾದ ಬಾಯಿ. ಹೆರಿಗೆ ಕೋಣೆ ಬೇಕು ಅಂತ ಗ್ರಾಮದಲ್ಲಿ ಮೊದಲು ಬಾಯಿಬಿಟ್ಟವರೂ ಅವರೇ. ಅವರ ಒಬ್ಬ ಮಗಳು ಹೆರಿಗೆಯಲ್ಲಿ, ನರಸೀಪುರಕ್ಕೆ ಗಾಡಿಯಲ್ಲಿ ಸಾಗಿಸುವಾಗ ದಾರಿಯಲ್ಲೇ ಹೋಗಿದ್ದಳು. ನೀರು ಎಷ್ಟು ಬೇಕಾದರೂ ಸೇದಿಕೊಳ್ಳಿ ಅಂದಿದ್ದರು. ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಊಟಕ್ಕೂ ಕರೆದರು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮವರು ತಾತನ ಕಾಲದಲ್ಲೇ ಕ್ರೈಸ್ತರಾದವರು. ದೇವರು ಬದಲಾದರೂ ಊರಿನವರ ಲೆಕ್ಕದಲ್ಲಿ ನಮ್ಮ ಕೇರಿ ಬದಲಾಗಲಿಲ್ಲ. ಗೌಡರಂಥವರ ಮನೆಯಲ್ಲಿ ನಮಗೆ ಊಟ ಹಾಕಿದರೆ ಹೊರಗೆ ಜಗುಲಿಯ ಮೇಲೆ. ಉಂಡ ಮೇಲೆ ನಮ್ಮ ಎಲೆ ನಾವೇ ಎತ್ತಿ ತಿಪ್ಪೆಗೆ ಹಾಕಿ, ಕೂತ ಜಾಗವನ್ನು ಸಗಣಿ ನೀರಿನಲ್ಲಿ ಸಾರಿಸಿ ಬರಬೇಕು. ಯಾರೂ ಹೇಳಿಕೊಡುವುದಿಲ್ಲ, ಹುಟ್ಟಿದಾಗಿನಿಂದ ಗೊತ್ತಿರುತ್ತದೆ.

ಸ್ವೀಡನ್ನಿನವರನ್ನು ಒಳಗೆ ಪಡಸಾಲೆಯಲ್ಲಿ ಪಂಕ್ತಿ ಕೂರಿಸಿದರು. ನನ್ನ ಎಲೆ ಜಗುಲಿಯಲ್ಲಿ, ಬಾಗಿಲಿನ ಪಕ್ಕ. ಅಲ್ಲಿಂದಲೇ ನಾನು ಮಾತು ತಿಳಿಸುತ್ತಿದ್ದೆ. ಮುದ್ದೆ, ಅವರೆಕಾಳಿನ ಸಾರು, ಅನ್ನ, ಪಾಯಸ. ಉದ್ದದ ಹುಡುಗ ಮುದ್ದೆಯನ್ನು ಅಗಿಯುತ್ತ ಕೂತಿದ್ದ, ನುಂಗು ನುಂಗು ಅಂತ ಮನೆಯವರೆಲ್ಲ ನಗುತ್ತಿದ್ದರು. ದೊಡ್ಡವ್ವ ಸೊಸೆಯ ಹಿಂದೆ ನಿಂತು, "ಆ ಉದ್ದದ ಐದುನ್ಗೆ ಇನ್ನೊಂದು ಮುದ್ದೆ ಆಕವ್ವ, ಕಾಲ್ಗಂಟ ತಲುಪ್ಬೇಕಲ್ಲ" ಅಂತ ಬಡಿಸುತ್ತಿದ್ದರು.

ಉಂಡಾದ ಮೇಲೆ ನಾನು ನನ್ನ ಎಲೆ ಮಡಿಸಿ ಎತ್ತಿಕೊಂಡು ಹಿತ್ತಿಲಿಗೆ ಹೋದೆ, ಬರುವಾಗ ಸಗಣಿ ತಂದು ಜಾಗ ಸಾರಿಸಿದೆ. ಕೈ ತೊಳೆದು ತಿರುಗಿ ನೋಡುತ್ತೇನೆ, ಸ್ವೀಡನ್ ದೇಶವೇ ಎದ್ದು ಬರುತ್ತಿದೆ. ಮುಂದೆ ಬಾಗಿಲ ಪಕ್ಕ ಕೂತಿದ್ದ ನರ್ಸ್ ಹುಡುಗಿ, ಹಿಂದೆ ಎಲ್ಲರೂ. ಒಬ್ಬೊಬ್ಬರ ಕೈಯಲ್ಲೂ ಸಾರು ಸುರಿಯುವ ಎಲೆ. ಅಂಗಳ ದಾಟಿ, ಊರಿನವರು ಬೇಲಿಯಾಚೆ ನಿಂತು ನೋಡುತ್ತಿರುವಂತೆಯೇ, ಮೆರವಣಿಗೆ ತಿಪ್ಪೆಗೆ ಹೋಯಿತು. ಉದ್ದದ ಹುಡುಗ ಇನ್ನೂ ಒಂದು ಹೆಜ್ಜೆ ಮುಂದೆ. ಕೊಟ್ಟಿಗೆಯಿಂದ ಎರಡು ಕೈ ತುಂಬ ಸಗಣಿ ಹಿಡಿದು, ಪಡಸಾಲೆಯ ಕೆಂಪು ಗಾರೆ ನೆಲವನ್ನು ಸಾರಿಸಲು ಮಂಡಿಯೂರಿದ.

ದೊಡ್ಡವ್ವನ ಮುಖ ಗೋಡೆಯ ಹಾಗಾಯಿತು. ಸರ್ರನೆ ತಿರುಗಿ ಒಳಗೆ ಹೋದರು.

ಮರುದಿನ ಬೆಳಿಗ್ಗೆ ನೋಡಿದರೆ ಬಾವಿಯ ರಾಟೆಯಲ್ಲಿ ಹಗ್ಗವಿರಲಿಲ್ಲ.

ಮನೆಗೆ ಬಂದ ನೆಂಟರ ಕೈಲಿ ಎಲೆ ಎತ್ತಿಸಿ ಸಗಣಿ ಸಾರಿಸಿದರಂತೆ ಅಂತ ಊರು ಆಡಿಕೊಳ್ಳುತ್ತಿತ್ತು. ಆ ಮನೆಯ ಮಾನ ತಿಪ್ಪೆಗೆ ಬಿದ್ದಿತ್ತು. ನಮ್ಮ ಗೋಡೆಗೆ ನೀರಿಲ್ಲ. ನಾಲೆ ದೂರ. ಬಿಂದಿಗೆ ಹೊತ್ತು ತಂದರೆ ಕಲಸಲಿಕ್ಕೇ ಸಾಲದು, ಕಟ್ಟಿದ ಗೋಡೆಗೆ ಹಾಕುವುದೆಲ್ಲಿಂದ? "ನೀರು ಕುಡೀದೆ ಇದ್ರೆ ಗ್ವಾಡೆ ಬಿರಿತದೆ ಕನ್ರವ್ವ" ಅಂತ ಮೇಸ್ತ್ರಿ ಕರಣೆ ತೊಳೆದಿಟ್ಟು ಬೀಡಿ ಹಚ್ಚಿದ. ಸ್ವೀಡನ್ನಿನವರು ಹೊರಡುವ ದಿನ ಹತ್ತಿರವಿತ್ತು. ಕೋಣೆ ಅರ್ಧಕ್ಕೆ ನಿಂತರೆ ಮುಗಿಸುವವರು ಯಾರೂ ಇರಲಿಲ್ಲ.

ಆ ಸಂಜೆ ನರ್ಸ್ ಹುಡುಗಿ ಕೇಳಿದಳು. "ನಾವು ಏನು ತಪ್ಪು ಮಾಡಿದೆವು? ನೀನು ಮಾಡಿದ ಹಾಗೆಯೇ ಮಾಡಿದೆವಲ್ಲ?"

ಬಿ.ಎ. ಇಂಗ್ಲಿಷಿನಲ್ಲಿ ಇದಕ್ಕೆ ಸುತ್ತುಬಳಸಿನ ಮಾತು ಹುಡುಕಿದೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಮ್ಮದು ಅತಿಥಿಯ ಎಲೆ, ಅದನ್ನು ಮನೆಯವರು ಎತ್ತುತ್ತಾರೆ. ನನ್ನದು ಬೇರೆ ಎಲೆ. ಯಾಕೆ ಬೇರೆ ಅನ್ನುವುದನ್ನೂ ಹೇಳಿದೆ. ಅವಳು ಅಳತೊಡಗಿದಳು. ನನಗೆ ರೇಗಿತು. ಅಳಬೇಕಾದವಳು ನಾನು, ಇವಳನ್ನು ಸಮಾಧಾನ ಮಾಡುವ ಕೆಲಸವೂ ನನ್ನದೇ ಆಯಿತಲ್ಲ.

ಹಾಗಾದರೆ ಆ ಮನೆಯ ನೀರೇ ಬೇಡ ಅಂದ ಉದ್ದದ ಹುಡುಗ.

"ಬೇಡ ಅನ್ನೋದು ನಿಮಗೆ ಸುಲಭ," ಅಂದೆ. "ನೀವು ವಿಮಾನ ಹತ್ತುತ್ತೀರಿ. ಹೆರಬೇಕಾದ ಹೆಂಗಸರು ಇಲ್ಲೇ ಇರ್ತಾರೆ."

ಕೆಲಸ ನೋಡಲು ಅವತ್ತು ನಂಜನಗೂಡಿನಿಂದ ಬಂದಿದ್ದ ಅಯ್ಯನವರು ಮೆಲ್ಲನೆ, "ನಾನೇ ಹೋಗಿ ತಪ್ಪಾಯ್ತು ಅಂತ ಹೇಳಿ ಬರ್ತೀನಿ. ನೀನು ಬರೋದು ಬೇಡಮ್ಮ" ಅಂದರು. ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಆದರೆ ನಾನಿಲ್ಲದೆ ಹೋದರೆ ಅತಿಥಿಗಳ ಎಲೆಯ ಮಾತು ಇತ್ಯರ್ಥವಾಗಿ, ನನ್ನ ಎಲೆಯ ಮಾತು ಬರುವುದೇ ಇಲ್ಲ. ನಾನೇ ಹೋಗುತ್ತೇನೆ ಅಂದೆ. ಆ ರಾತ್ರಿ ನಿದ್ದೆ ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಬೆಳಿಗ್ಗೆ ನಾನೂ ನರ್ಸ್ ಹುಡುಗಿಯೂ ಹೋದಾಗ ದೊಡ್ಡವ್ವ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಏನವ್ವ, ನಮ್ಮನೇಲಿ ಎಲೆ ಎತ್ತಾಕೆ ಆಳಿಲ್ಲ ಅಂತ ನೋಡಾಕೆ ಬಂದ್ರಾ?"

"ಇಲ್ಲ ದೊಡ್ಡವ್ವ. ಅವರು ಬೇಕೂಂತ ಮಾಡಲಿಲ್ಲ. ನಾನು ಎತ್ತಿದ್ದು ನೋಡಿ ಅವರೂ ಎತ್ತಿದ್ರು. ಈ ಊರಲ್ಲಿ ನೆಂಟರು ಮಾಡೋದೇ ಹಿಂಗೆ ಅಂದ್ಕೊಂಡ್ರು."

"ನೀನು ಎತ್ತೋದು ಬ್ಯಾರೆ ಕನವ್ವ."

"ಯಾಕೆ ಬೇರೆ ಅಂತ ಈ ಹುಡುಗಿ ಕೇಳ್ತಾಳೆ. ನೀವೇ ಹೇಳಿ ದೊಡ್ಡವ್ವ. ನೀವು ಹೇಳಿದ್ದನ್ನ ನಾನು ಹಂಗೇ ಇಂಗ್ಲಿಷಿಗೆ ಮಾಡ್ತೀನಿ."

ದೊಡ್ಡವ್ವನ ಕೈ ನಿಂತಿತು. ನರ್ಸ್ ಹುಡುಗಿ ಕೆಳಗೆ ಕೂತು, ಏನೂ ತಿಳಿಯದೆ, ನೀಲಿ ಕಣ್ಣು ಬಿಟ್ಟುಕೊಂಡು ಅವರ ಬಾಯನ್ನೇ ನೋಡುತ್ತಿದ್ದಳು. ದೊಡ್ಡವ್ವ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಮತ್ತೆ ಕಾಯಿ ಸುಲಿಯಲು ಶುರು ಮಾಡಿದರು. ನರ್ಸ್ ಹುಡುಗಿಯೂ ಸುಮ್ಮನೆ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದಳು, ಕಾಳೆಲ್ಲ ನೆಲಕ್ಕೆ.

ಚೆಲ್ಲಿದ ಕಾಳನ್ನು ಮೊರಕ್ಕೆ ಬಳಿದು ಹಾಕುತ್ತ ದೊಡ್ಡವ್ವ ಕೇಳಿದರು. "ಅದ್ನೆಲ್ಲ ಇಂಗ್ಲಿಸ್ನಲ್ಲಿ ಯೋಳಾಕಾದದಾ?"

"ಆಗ್ತದೆ ದೊಡ್ಡವ್ವ. ಬಿ.ಎ. ಮಾಡಿದ್ದೀನಿ."

"ಮಾಡಿದ್ರೆ ಮಾಡ್ಕೊ. ನಾಳೀಕೆ ಊಟಕ್ಕೆ ಬನ್ನಿ. ಎಲ್ಲಾರೂವೆ." ಹೊರಡುವಾಗ ಹಿಂದಿನಿಂದ ಕೂಗಿದರು. "ಅಗ್ಗ ಅಳೇದಾಗಿತ್ತು ಅಂತ ತಗ್ಸಿದ್ದೆ. ವಸ ಅಗ್ಗ ಆಕುಸ್ತೀನಿ. ಊರೋರು ಇನ್ನೇನೋ ಅಂದ್ಕಂಡವ್ರೆ, ತಿರುಕ್ಲು ಮುಂಡೇವು."

ಮಾರನೆಯ ದಿನ ಹೋದರೆ ಪಡಸಾಲೆಯಲ್ಲಿ ಎಲೆಯೇ ಇರಲಿಲ್ಲ. ಇಡೀ ಪಂಕ್ತಿಯನ್ನು ಹೊರಗಿನ ಉದ್ದ ಜಗುಲಿಗೆ ತಂದಿದ್ದರು. "ವಳ್ಗೆ ಸೆಕೆ" ಅಂದರು ದೊಡ್ಡವ್ವ. ಅವರೆಕಾಯಿ ಕಾಲ, ಬೆಳಿಗ್ಗೆ ಹೊದಿಕೆ ಬಿಟ್ಟು ಏಳಲಾಗದಷ್ಟು ಚಳಿ. ನನ್ನನ್ನು ಒಳಗೆ ಕರೆಯಲು ಅವರಿಂದ ಆಗಲಿಲ್ಲ, ನನ್ನೊಬ್ಬಳನ್ನೇ ಹೊರಗೆ ಕೂರಿಸಲೂ ಆಗಲಿಲ್ಲ. ಎಲ್ಲರನ್ನೂ ಹೊರಗೆ ತಂದುಬಿಟ್ಟರು. ಒಂದೇ ಸಾಲು, ಒಂದೇ ಅಳತೆಯ ಎಲೆ, ನನ್ನದು ನಡುವಿನಲ್ಲಿ.

ಊಟ ಮುಗಿಯಿತು. ಯಾರೂ ಅಲುಗಾಡಬಾರದು ಅಂತ ನಾನು ಮೊದಲೇ ತಾಕೀತು ಮಾಡಿದ್ದೆ. ಉದ್ದದ ಹುಡುಗ ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಿದ್ದ, ಸೇವೆ ಮಾಡದೆ ಕೂತಿರುವುದು ಅವನಿಗೆ ಅಷ್ಟು ಕಷ್ಟ. ದೊಡ್ಡವ್ವನ ಸೊಸೆ ಒಂದು ಕೊನೆಯಿಂದ ಎಲೆ ಎತ್ತುತ್ತ ಬಂದರು. ನನ್ನ ಮುಂದೆ ಬಂದು ನಿಂತುಬಿಟ್ಟರು. ಅತ್ತೆಯ ಮುಖ ನೋಡಿದರು. ನನ್ನ ಕೈ ತಾನಾಗಿಯೇ ಎಲೆಯ ಅಂಚಿಗೆ ಹೋಗಿತ್ತು. ಎಷ್ಟು ವರ್ಷದ ಅಭ್ಯಾಸ. ಕೈಯನ್ನು ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಇಟ್ಟಿಗೆ ಹೊರುವುದಕ್ಕಿಂತ ಅದೇ ಭಾರವಾಗಿತ್ತು.

"ಎತ್ತವ್ವ," ಅಂದರು ದೊಡ್ಡವ್ವ. "ಅದೊಂದು ಬುಟ್ರೆ ಆ ಚುಕ್ಕೆ ಮೂತಿ ಎಣ್ಣು ಮತ್ತೆ ಬಂದು ಯಾಕೆ ಅಂತ ಕೇಳ್ತದೆ. ಇವ್ಳು ಇಂಗ್ಲಿಸ್ಗೆ ಮಾಡ್ತಾಳೆ. ನಂಗ್ಯಾಕೆ ಬೇಕು ಅದು?"

ಸೊಸೆ ನಕ್ಕುಬಿಟ್ಟರು. ಬಗ್ಗಿ ಎತ್ತಿದರು.

ಆ ಸಂಜೆಯ ವೃತ್ತದಲ್ಲಿ ನರ್ಸ್ ಹುಡುಗಿ ಹೇಳಿದಳು: ಕೊಡುವುದಕ್ಕೆ ಅಂತ ಅಷ್ಟು ದೂರ ಬಂದೆ, ಸುಮ್ಮನೆ ಕೂತು ತೆಗೆದುಕೊಳ್ಳುವುದನ್ನು ಇವತ್ತು ಕಲಿತೆ. ನನ್ನ ಸರದಿ ಬಂದಾಗ ನಾನು ತಪ್ಪಿಸಿಕೊಳ್ಳಲಿಲ್ಲ. ಕಣ್ಣು ಮುಚ್ಚಿ, ಮುಂದೆ ಪುಸ್ತಕವಿಲ್ಲದೆ, ನಮ್ಮ ಮನೆಯ ಕನ್ನಡದಲ್ಲಿ ಬಾಯಿಬಿಟ್ಟು ಪ್ರಾರ್ಥನೆ ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ. ಅನುವಾದ ಮಾಡು ಅಂತ ಯಾರೂ ಕೇಳಲಿಲ್ಲ.

ನೀರು ಬಂತು, ಗೋಡೆ ಎದ್ದಿತು. ಸ್ವೀಡನ್ನಿನವರು ಹೊರಡುವ ಹಿಂದಿನ ದಿನ ಹೆಂಚು ಹೊದಿಸಿದೆವು. ಅದರಿಂದ ಊರು ಬದಲಾಯಿತು ಅಂತ ನಾನು ಹೇಳುವುದಿಲ್ಲ. ಮರುವರ್ಷ ಆ ಕಡೆ ಯಾವುದೋ ಕೆಲಸಕ್ಕೆ ಹೋಗಿದ್ದ ಅಪ್ಪ, ಅದೇ ಜಗುಲಿಯ ಕೆಳಗೆ ಕೈಕಟ್ಟಿ ನಿಂತು ಗೌಡರನ್ನು "ಬುದ್ಧಿ" ಅಂತಲೇ ಮಾತಾಡಿಸಿ ಬಂದರು. ಆದರೆ ಮೊದಲ ಹೆರಿಗೆ ಆ ಕೋಣೆಯಲ್ಲಿ ಆದದ್ದು ಆ ಊರಿನ ನಮ್ಮವರ ಕೇರಿಯ ಹೆಂಗಸಿನದು, ಬಿಸಿನೀರು ಕಾಯಿಸಿ ಕಳಿಸಿದವರು ದೊಡ್ಡವ್ವ. ಎರಡೂ ನಿಜ.

ನಂಜನಗೂಡಿಗೆ ವಾಪಸು ಬಂದ ದಿನ ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಅಪ್ಪನಿಗೆ ನಂಬಿಕೆಯೇ ಬರಲಿಲ್ಲ.

"ನಿನ್ ಎಲೇನ ಗೌಡ್ರು ಮನೆ ಸೊಸೇನೇ ಎತ್ತುದ್ಲಾ? ಆಳಲ್ವಾ?"

"ಸೊಸೇನೇ ಅಪ್ಪ."

"ಬಗ್ಗಿ?"

"ಬಗ್ಗಿ."

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಇನ್ನೊಂದು ಸಲ ಮೊದಲಿನಿಂದ ಹೇಳು ಅಂದರು. ಹೇಳಿದೆ. ಅವ್ವ ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ಈಗ ತಿರುಗಿ ನನ್ನನ್ನು ಗದರಿಸಿದಳು.

"ಎಲೇಲಿ ಏನಾರಾ ಬಿಟ್ಟಿದ್ದಾ? ಅನ್ನ ಗಿನ್ನ ಬಿಡ್ಬಾರ್ದು ಕನೆ. ಎತ್ತೋರ್ಗೆ ಎಷ್ಟು ಕಷ್ಟ ಗೊತ್ತಾ?"