ಮನೆಯಿಲ್ಲದ ಹೊಸ್ತಿಲು

ಮನೆಯೇ ಇಲ್ಲದ ಬಾಗಿಲನ್ನು ಯಾವತ್ತಾದರೂ ದಾಟಿದ್ದೀರಾ? ನಾನು ದಾಟಲು ಹೋಗಿ ಬೈಸಿಕೊಂಡೆ.

ಕಡಲು ನೋಡಲು ಬಂದವಳು, ಬಿಸಿಲು ತಾಳದೆ ಬೀಚ್ ಪಕ್ಕದ ಪುಟ್ಟ ಮ್ಯೂಸಿಯಂಗೆ ನುಗ್ಗಿದ್ದೆ. ನಡುವೆ ಹಳೆಯ ಬಾಗಿಲೊಂದು ಚೌಕಟ್ಟಿನ ಸಮೇತ ನಿಂತಿತ್ತು. ‘ಮೀನುಗಾರರ ಮನೆಯ ಬಾಗಿಲು’ ಎಂಬ ಚೀಟಿ. ಉಳಿದದ್ದೆಲ್ಲ ಧೂಳು, ಈ ಹೊಸ್ತಿಲ ಮೇಲೆ ಮಾತ್ರ ಹಸಿ ಅರಿಶಿನ, ಕುಂಕುಮ, ಒಂದು ದಾಸವಾಳ.

“ದಾಟ್ಬೇಡಿ ಅಮ್ಮ!” ಟಿಕೆಟ್ ಕೊಡುವ ಹೆಂಗಸು ಕೂಗಿದಳು.

“ಆಯ್ತು ಕಣಮ್ಮ. ನಮ್ ಯಲಹಂಕದ ಫ್ಲಾಟಿಗೆ ಹೊಸ್ತಿಲೇ ಇಲ್ಲ, ನಿಮ್ ಮ್ಯೂಸಿಯಂ ಹೊಸ್ತಿಲಿಗೆ ಪೂಜೆ ಬೇರೆನಾ? ಯಾರಮ್ಮ ಮಾಡೋದು?” ಎಂದು ಕೆಣಕಿದೆ.

ಅವಳು ನಗಲಿಲ್ಲ. ಹತ್ತಿರ ಬಂದು ಬಾಡಿದ ಎಸಳೊಂದನ್ನು ಎತ್ತಿಕೊಂಡಳು.

“ಮನೆ ಸಮುದ್ರದ ಪಾಲಾಯ್ತು, ಉಳಿದದ್ದು ಇದೊಂದೇ. ಮದುವೆಯಾಗಿ ನಾನು ಬಲಗಾಲಿಟ್ಟು ಬಂದ ಹೊಸ್ತಿಲಿಗೆ ನಾನು ಅರಿಶಿನ ಹಚ್ಚದೆ, ನೀವು ಯಲಹಂಕದಿಂದ ಬಂದು ಹಚ್ತೀರಾ?”